ಹಳೆಯ ಬ್ಯಾಚಿನ ಊಟ: ತಿಂಗಳಿಗೊಮ್ಮೆಯೋ ವರ್ಷಕ್ಕೊಮ್ಮೆಯೋ, ಆರು ಜನವೋ ನೂರು ಜನವೋ?

ವೈದ್ಯಕೀಯ ಕಾಲೇಜಿನ ಹಳೆಯ ಸಹಪಾಠಿಗಳು ಆಗಾಗ ಒಟ್ಟಿಗೆ ಊಟಕ್ಕೆ ಕೂರಬೇಕು ಅನ್ನುವ ಮಾತು ಹುಟ್ಟುವುದು ಹೆಚ್ಚಾಗಿ ಎರಡು ಕಡೆ. ಯಾರದೋ ಮಕ್ಕಳ ಮದುವೆಯಲ್ಲಿ, ಇಲ್ಲವೇ ಬ್ಯಾಚಿನವರೇ ಒಬ್ಬರ ಅಂತ್ಯಕ್ರಿಯೆಯಲ್ಲಿ. "ಹೀಗೆ ಬಿಟ್ಟರೆ ಆಗಲ್ಲ ಕಣಯ್ಯಾ, ತಿಂಗಳಿಗೊಂದು ಸಲವಾದರೂ ಸೇರೋಣ" ಎಂದು ಒಬ್ಬರು ಅನ್ನುತ್ತಾರೆ, ಸುತ್ತ ನಿಂತವರೆಲ್ಲ ಹೂಂಗುಟ್ಟುತ್ತಾರೆ. ಅಂದೇ ಸಂಜೆ ವಾಟ್ಸಾಪ್ ಗುಂಪು ತಯಾರು. ಮೊದಲ ಊಟಕ್ಕೆ ಹದಿನಾಲ್ಕು ಜನ, ಎರಡನೆಯದಕ್ಕೆ ಒಂಬತ್ತು, ಮೂರನೆಯದು "ಮುಂದಿನ ತಿಂಗಳು ನೋಡೋಣ". ಆಮೇಲೆ ಗುಂಪಿನಲ್ಲಿ ಉಳಿಯುವುದು ಹುಟ್ಟುಹಬ್ಬದ ಹಾರೈಕೆ ಮತ್ತು ಬೆಳಗಿನ ಸುಭಾಷಿತ.

ಈ ಆರಂಭಶೂರತ್ವಕ್ಕೆ ವಿಶ್ವಾಸ ಕಡಿಮೆಯಾದದ್ದು ಕಾರಣ ಅಂತ ಬಹಳ ದಿನ ನಂಬಿದ್ದೆ, ಒಂದಿಬ್ಬರ ಮೇಲೆ ಮುನಿಸಿಕೊಂಡೂ ಇದ್ದೆ. ಇಪ್ಪತ್ತು ವರ್ಷದಿಂದ ಇಂಥ ಊಟಗಳಿಗೆ ಜನ ಸೇರಿಸುವ ಕೆಲಸ ನನ್ನ ತಲೆಗೇ ಬಿದ್ದಿರುವುದರಿಂದ ಈಗ ಬೇರೆಯದೇ ಹೇಳುತ್ತೇನೆ. ಜನ ಸರಿಯಾಗಿಯೇ ಇರುತ್ತಾರೆ, ಆರಿಸಿಕೊಂಡ ಊಟದ ಬಗೆ ಅವರಿಗೆ ಒಗ್ಗಿರುವುದಿಲ್ಲ. ಯಾವ ಬಗೆ ಯಾರಿಗೆ ಒಗ್ಗುತ್ತದೆ ಅನ್ನುವುದನ್ನು ಒಂದೊಂದಾಗಿ ತೂಗಿ ನೋಡೋಣ.

ಇಡೀ ಬ್ಯಾಚೋ, ಒಂದೇ ಟೇಬಲ್ಲೋ?

ಮೊದಲು ಬಗೆಹರಿಯಬೇಕಾದದ್ದು ಇದು. ಹೋಟೆಲ್ಲು, ತಾರೀಖು ಎಲ್ಲ ಆಮೇಲೆ. ನೂರು ಜನರ ಬ್ಯಾಚು ಅಂದರೆ ಅದೊಂದು ಊರು. ಆ ಊರಿನಲ್ಲಿ ನಿಮಗೆ ನಿಜವಾಗಿ ಗೊತ್ತಿದ್ದದ್ದು ಒಂದೆರಡು ಓಣಿ ಮಾತ್ರ: ಅನಾಟಮಿ ತರಗತಿಯಲ್ಲಿ ಕೊಯ್ದು ಕಲಿಯಲು ಇಟ್ಟ ಒಂದೇ ಹೆಣದ ಸುತ್ತ ನಿಂತವರು, ವಾರ್ಡ್ ಪೋಸ್ಟಿಂಗಿನಲ್ಲಿ ಒಂದೇ ಗುಂಪಿಗೆ ಬಿದ್ದವರು, ಹಾಸ್ಟೆಲ್ಲಿನ ಅದೇ ಮಹಡಿಯವರು, ಜೊತೆಯಲ್ಲಿ ರಾತ್ರಿ ಡ್ಯೂಟಿ ಕಳೆದವರು. ತಮಾಷೆಯೆಂದರೆ ಇವರನ್ನು ನೀವು ಆರಿಸಿಕೊಂಡದ್ದಲ್ಲ. ಹೆಸರಿನ ಮೊದಲ ಅಕ್ಷರವೋ ರೋಲ್ ನಂಬರೋ ನಿಮ್ಮನ್ನು ಆ ಟೇಬಲ್ಲಿಗೆ ತಳ್ಳಿತ್ತು. ಹೆಣ ಕೆಡದಂತೆ ಹಾಕುವ ಫಾರ್ಮಲಿನ್ನಿನ ಘಾಟಿಗೆ ಒಟ್ಟಿಗೆ ಕಣ್ಣುರಿಸಿಕೊಂಡು, ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಒಬ್ಬರ ಬೆಪ್ಪುತನವನ್ನು ಇನ್ನೊಬ್ಬರು ಕಂಡು ಬೆಳೆದವರು. ನಾಲ್ಕು ದಶಕ ಕಳೆದಿದ್ದರೂ ಮಾತು ನಿಂತಲ್ಲಿಂದಲೇ ಶುರುವಾಗುವುದು ಇಂಥವರ ಜೊತೆ.

ಲೆಕ್ಕ ಹಾಕಿ. ನೂರು ಜನ ಸೇರಿದರೆ ಪರಸ್ಪರ ಮಾತಾಡಬಹುದಾದ ಜೋಡಿಗಳು 4950. ಆರು ಜನ ಸೇರಿದರೆ 15. ಮೂರು ಗಂಟೆಯ ದೊಡ್ಡ ಕೂಟದಲ್ಲಿ ಉಳಿದ 99 ಜನರನ್ನೂ ಮಾತಾಡಿಸಲು ಹೊರಟರೆ ತಲೆಗೆ ಎರಡು ನಿಮಿಷವೂ ಸಿಗುವುದಿಲ್ಲ. ಓಪಿಡಿಯಲ್ಲಿ ರೋಗಿಗೆ ಇದಕ್ಕಿಂತ ಹೆಚ್ಚು ಹೊತ್ತು ಕೊಟ್ಟಿದ್ದೇವೆ ಅಂದುಕೊಂಡಿದ್ದೇನೆ. ಮಾತಿಗೆ ಅದರದೇ ಒಂದು ಮಿತಿಯೂ ಇದೆ. ತಾವಾಗಿಯೇ ಕೂಡಿಕೊಳ್ಳುವ ಮಾತಿನ ಗುಂಪುಗಳನ್ನು ಗಮನಿಸಿ ಮನೋವಿಜ್ಞಾನಿ ರಾಬಿನ್ ಡನ್‌ಬಾರ್ ಮತ್ತು ಸಂಗಡಿಗರು 1995ರಲ್ಲಿ ಬರೆದದ್ದು, ಒಂದು ಹರಟೆ ಸುಮಾರು ನಾಲ್ಕು ಜನರವರೆಗೆ ಒಂದಾಗಿ ಉಳಿಯುತ್ತದೆ, ಅದಕ್ಕಿಂತ ಜಾಸ್ತಿಯಾದರೆ ಒಡೆದು ಎರಡಾಗುತ್ತದೆ ಎಂದು. ಮುಂದಿನ ಊಟದಲ್ಲಿ ಕಣ್ಣಿಟ್ಟು ನೋಡಿ. ಎಂಟು ಜನರ ಮೇಜಿನಲ್ಲಿ ನಡೆಯುತ್ತಿರುವುದು ಎರಡು ಊಟ.

ಹಾಗಾದರೆ ದೊಡ್ಡ ಕೂಟ ದಂಡವೇ? ಅಲ್ಲ, ಅದರ ಕೆಲಸ ಬೇರೆ. ಸಮಾಜಶಾಸ್ತ್ರಜ್ಞ ಮಾರ್ಕ್ ಗ್ರಾನೊವೆಟರ್ 1973ರ ತಮ್ಮ ಪ್ರಸಿದ್ಧ ಲೇಖನದಲ್ಲಿ ತೋರಿಸಿದ್ದು, ಹೊಸ ಸುದ್ದಿ, ಕೆಲಸದ ಸುಳಿವು ಇಂಥವು ನಮಗೆ ಬರುವುದು ಆಪ್ತರಿಗಿಂತ ಹೆಚ್ಚಾಗಿ ಅರೆಪರಿಚಿತರಿಂದ ಎಂದು. ಆಪ್ತರಿಗೆ ಗೊತ್ತಿರುವುದು ನಮಗೂ ಗೊತ್ತಿರುತ್ತದಲ್ಲ. ಕಾಲೇಜಿನಲ್ಲಿ ಮುಖ ನೋಡಿ ನಕ್ಕಿದ್ದಷ್ಟೇ ಗೊತ್ತಿರುವ ಒಬ್ಬರು ಈಗ ಅಪರೂಪದ ಉಪವಿಭಾಗದ ತಜ್ಞರಾಗಿರುತ್ತಾರೆ. ನಿಮ್ಮ ರೋಗಿಯನ್ನು ಯಾರಲ್ಲಿಗೆ ಕಳಿಸಬೇಕು ಅನ್ನುವ ಪ್ರಶ್ನೆಗೆ ಉತ್ತರ ಆ ಸಭಾಂಗಣದ ಬಾಗಿಲಲ್ಲಿ ಸಿಕ್ಕಿಬಿಡುತ್ತದೆ.

ಆದರೆ ದೊಡ್ಡ ಕೂಟಕ್ಕೆ ಸಮಿತಿ ಬೇಕು, ಸಭಾಂಗಣ ಬೇಕು, ಮೈಕು ಬಂದರೆ ಭಾಷಣ ತಪ್ಪಿದ್ದಲ್ಲ, ಸ್ಮರಣಿಕೆ ಬಂದರೆ ಅದರ ಬಣ್ಣದ ಬಗ್ಗೆ ಜಗಳ ತಪ್ಪಿದ್ದಲ್ಲ. ಐದು ವರ್ಷಕ್ಕೋ ಹತ್ತು ವರ್ಷಕ್ಕೋ ಒಮ್ಮೆ ಅದು ಚೆಂದ. ಅದನ್ನೇ ವರ್ಷವರ್ಷ ಮಾಡಲು ಹೊರಟ ಬ್ಯಾಚುಗಳು ಎರಡನೆಯ ವರ್ಷಕ್ಕೇ ಸುಸ್ತಾಗಿದ್ದನ್ನು ಕಂಡಿದ್ದೇನೆ. ಪದೇ ಪದೇ ಸೇರುವ ಊಟಕ್ಕೆ ಹತ್ತು ಹನ್ನೆರಡು ಹೆಸರಿನ ಪಟ್ಟಿ ಇರಲಿ, ಬರುವವರು ಐದಾರು ಜನ ಆಗುತ್ತಾರೆ. ಹಿತವಾದ ಸಂಖ್ಯೆ ಅದೇ.

ಒಂದು ಎಚ್ಚರಿಕೆ. ಸಣ್ಣ ಗುಂಪು ಗುಟ್ಟಿನ ಗುಂಪಾಗಬಾರದು. "ನಮ್ಮನ್ನು ಕರೆಯಲೇ ಇಲ್ಲ" ಅನ್ನುವ ನೋವು ಅರವತ್ತರಲ್ಲಿಯೂ ಹದಿನೆಂಟರಲ್ಲಿ ಇದ್ದಷ್ಟೇ ಹಸಿ. ದಿನವೂ ಜಾಗವೂ ಬ್ಯಾಚಿಗೆಲ್ಲ ಗೊತ್ತಿರಲಿ, ಯಾರು ಬಂದರೂ ಕುರ್ಚಿ ಎಳೆದು ಕೊಡುವಂತಿರಲಿ. ಬಾಗಿಲು ತೆರೆದಿಟ್ಟರೂ ಎಲ್ಲರೂ ನುಗ್ಗುವುದಿಲ್ಲ, ಆ ಭಯ ಬೇಡ.

ಕೇಳಿ ದಿನ ಗೊತ್ತುಮಾಡುವುದೋ, ಗೊತ್ತುಮಾಡಿ ಹೇಳುವುದೋ?

ನನ್ನ ಮಟ್ಟಿಗೆ ಇಡೀ ವ್ಯವಹಾರದ ಜೀವ ಇಲ್ಲಿದೆ. ಎರಡು ದಾರಿ. ಒಂದು, ಎಲ್ಲರ ಅನುಕೂಲ ಕೇಳಿ, ಗುಂಪಿನಲ್ಲಿ ಮತ ಹಾಕಿಸಿ, ಎಲ್ಲರಿಗೂ ಹೊಂದುವ ದಿನ ಹುಡುಕುವುದು. ಇನ್ನೊಂದು, ತಿಂಗಳ ಎರಡನೆಯ ಶನಿವಾರ ಅಂತಲೋ ಕೊನೆಯ ಗುರುವಾರ ಅಂತಲೋ ಒಮ್ಮೆ ನಿಗದಿ ಮಾಡಿ, ಬಂದವರು ಬಂದರು ಎಂದು ಬಿಡುವುದು.

ಮೊದಲನೆಯದು ಸಜ್ಜನಿಕೆಯಾಗಿ ಕಾಣುತ್ತದೆ. ವೈದ್ಯರ ವಿಷಯದಲ್ಲಿ ಅದು ಕೈಕೊಡುವುದು ಖಚಿತ. ಒಬ್ಬರಿಗೆ ಆ ದಿನ ಆಪರೇಷನ್ ಲಿಸ್ಟು, ಒಬ್ಬರಿಗೆ ಕಾಲ್ (ಕರೆ ಬಂದರೆ ಓಡಬೇಕಾದ ಡ್ಯೂಟಿ), ಒಬ್ಬರು ಸಮ್ಮೇಳನದಲ್ಲಿ, ಇನ್ನೊಬ್ಬರ ಮನೆಯಲ್ಲಿ ಮೊಮ್ಮಗುವಿನ ಕಾವಲು. ಹನ್ನೆರಡು ಜನರ ಪಟ್ಟಿ ಅಂದುಕೊಳ್ಳಿ. ಯಾವುದೇ ಒಂದು ದಿನ ಪ್ರತಿಯೊಬ್ಬರೂ ಬಿಡುವಾಗಿರುವ ಸಾಧ್ಯತೆ ಅರ್ಧಕ್ಕರ್ಧ, ನಾಣ್ಯ ಚಿಮ್ಮಿದ ಹಾಗೆ. ಹನ್ನೆರಡು ನಾಣ್ಯವೂ ಬಿಡುವಿನ ಮಗ್ಗುಲಿಗೇ ಬೀಳುವುದು 4096ರಲ್ಲಿ ಒಂದು ಸಲ. ತಿಂಗಳಿಗೊಂದು ದಿನ ಪ್ರಯತ್ನಿಸಿದರೆ ಸರಾಸರಿ 341 ವರ್ಷಕ್ಕೊಮ್ಮೆ ಪೂರ್ಣ ಹಾಜರಿ. ಅದೇ ಹನ್ನೆರಡು ಜನರಲ್ಲಿ ಕನಿಷ್ಠ ನಾಲ್ವರು ಬಿಡುವಾಗಿರುವ ಸಾಧ್ಯತೆ ನೂರಕ್ಕೆ 93ರಷ್ಟು. ಎಲ್ಲರನ್ನೂ ಕಾಯುವ ಊಟ ನಡೆಯುವುದೇ ಇಲ್ಲ, ನಾಲ್ವರಿಗೆ ತೃಪ್ತಿಪಡುವ ಊಟ ನಿಲ್ಲುವುದೇ ಇಲ್ಲ ಅನ್ನುವುದು ಇದರ ಅರ್ಥ.

ಮತ ಹಾಕಿಸುವ ಪದ್ಧತಿಗೆ ಇನ್ನೊಂದು ದೋಷ. ಬರಲಾಗದವರು ತಪ್ಪಿತಸ್ಥರಾಗುತ್ತಾರೆ. "ನಿನಗೋಸ್ಕರ ದಿನ ಬದಲಾಯಿಸಿದೆವು, ಆದರೂ ಬರಲಿಲ್ಲ" ಅನ್ನಿಸಿಕೊಂಡವರು ಮುಂದಿನ ಸಲ ಉತ್ತರವನ್ನೇ ಕೊಡುವುದಿಲ್ಲ. ನಿಗದಿತ ದಿನದ ಊಟದಲ್ಲಿ ಕ್ಷಮೆ ಕೇಳುವ ಪ್ರಸಂಗವೇ ಇಲ್ಲ. ಮೂರು ವರ್ಷ ಕಾಣೆಯಾಗಿದ್ದ ಗೆಳೆಯರೊಬ್ಬರು ಒಂದು ದಿನ ಒಳಗೆ ಬಂದು ಕೂತು, ಮೆನು ಎಳೆದುಕೊಂಡು, "ಇನ್ನೂ ಇದೇ ಮೇಜಾ?" ಅಂದರು. ಅಷ್ಟೇ. ಆ ಮೂರು ವರ್ಷ ಅವರು ಏನನ್ನು ದಾಟಿ ಬಂದಿದ್ದರು ಅನ್ನುವುದು ನಮಗೆ ಗೊತ್ತಾದದ್ದು ಊಟ ಮುಗಿದ ಮೇಲೆ. ದಿನ ಬದಲಾಗುತ್ತಾ ಇದ್ದಿದ್ದರೆ ಅವರು ಯಾರನ್ನಾದರೂ ಕೇಳಬೇಕಾಗುತ್ತಿತ್ತು, ಕೇಳುವ ಸ್ಥಿತಿಯಲ್ಲಿ ಅವರು ಇರಲಿಲ್ಲ.

ನಿಗದಿತ ದಿನಕ್ಕೂ ಒಂದು ಕುಂದಿದೆ, ಮುಚ್ಚಿಡುವುದಿಲ್ಲ. ಪ್ರತಿ ಶನಿವಾರ ಕ್ಲಿನಿಕ್ ಇರುವವರು ಎಂದೆಂದಿಗೂ ಹೊರಗೆ ಉಳಿಯುತ್ತಾರೆ. ವರ್ಷಕ್ಕೆ ಎರಡು ಸಲ ವಾರ ಬದಲಿಸಿದರೆ ಸಾಕು. ಅದನ್ನೂ ವರ್ಷದ ಆರಂಭದಲ್ಲೇ ಹೇಳಿಬಿಡಿ, ನಡುವೆ ತಿದ್ದಬೇಡಿ.

ಇನ್ನು ಎಷ್ಟು ಸಲ? ವಾರಕ್ಕೊಮ್ಮೆ ಅನ್ನುವುದು ನಿವೃತ್ತರ ಐಷಾರಾಮ, ಅದೂ ಓಡಾಟದ ದೂರದೊಳಗೆ ಇದ್ದವರಿಗೆ. ಮೂರು ತಿಂಗಳಿಗೊಮ್ಮೆ ಅಂದರೆ ಒಂದು ತಪ್ಪಿದರೆ ಅರ್ಧ ವರ್ಷದ ಅಂತರ. ತಿಂಗಳಿಗೊಮ್ಮೆಯಾದರೆ ಒಂದೆರಡು ತಪ್ಪಿದರೂ ಎಳೆ ಹರಿಯುವುದಿಲ್ಲ, ಕಳೆದ ಸಲ ಹೇಳಿದ್ದು ನೆನಪಿರುತ್ತದೆ: ಮಗನ ಪರೀಕ್ಷೆ ಏನಾಯಿತು, ಬಯಾಪ್ಸಿ ವರದಿ ಬಂತೇ, ಮನೆ ಮಾರಿದೆಯಾ. ಸಂವಹನ ಸಂಶೋಧಕ ಜೆಫ್ರಿ ಹಾಲ್ ಅವರ 2018ರ ಅಧ್ಯಯನದ ಪ್ರಕಾರ ಅಪರಿಚಿತರು ಆಪ್ತ ಗೆಳೆಯರಾಗಲು 200 ಗಂಟೆಗೂ ಹೆಚ್ಚು ಹೊತ್ತು ಜೊತೆಯಲ್ಲಿ ಕಳೆಯಬೇಕು. ತಿಂಗಳಿಗೆ ಎರಡು ಗಂಟೆಯ ಊಟದಲ್ಲಿ ಆ ಮೊತ್ತ ತುಂಬಲು ಎಂಟು ವರ್ಷ ದಾಟುತ್ತದೆ. ಕಾಲೇಜಿನಲ್ಲಿ, ಬೆಳಿಗ್ಗೆಯಿಂದ ರಾತ್ರಿವರೆಗೆ ಒಂದೇ ವಾರ್ಡಿನಲ್ಲಿ ಬಿದ್ದುಕೊಂಡಿದ್ದಾಗ, ಅದು ಕೆಲವೇ ವಾರದಲ್ಲಿ ಮುಗಿದುಹೋಗಿತ್ತು. ಈಗಿನ ಊಟ ಆ ಹಳೆಯ ಠೇವಣಿ ಖಾಲಿಯಾಗದಂತೆ ನೋಡಿಕೊಂಡರೆ ಸಾಕು.

ವೈದ್ಯರಾದ್ದರಿಂದ ಆಧಾರ ಕೇಳುವವರು ಇದ್ದೇ ಇರುತ್ತೀರಿ. ಮನೋವಿಜ್ಞಾನಿ ಜೂಲಿಯನ್ ಹೋಲ್ಟ್-ಲನ್‌ಸ್ಟಡ್ ಮತ್ತು ಸಂಗಡಿಗರು 2010ರಲ್ಲಿ 148 ಅಧ್ಯಯನಗಳ, 308849 ಜನರ ಮಾಹಿತಿ ಒಟ್ಟುಗೂಡಿಸಿ, ಗಟ್ಟಿ ಸಾಮಾಜಿಕ ಸಂಬಂಧ ಇರುವವರು ಬದುಕುಳಿಯುವ ಸಾಧ್ಯತೆ ಶೇಕಡಾ 50ರಷ್ಟು ಹೆಚ್ಚು ಎಂದು ಕಂಡುಕೊಂಡರು. ಇದನ್ನು ಮುಂದಿಟ್ಟು ಊಟವನ್ನು ಔಷಧಿಯಂತೆ ಬರೆದುಕೊಡಲು ನನಗೆ ಮನಸ್ಸಿಲ್ಲ. ಕಾಯಿಲೆ ಬಿದ್ದವರು ಊಟಕ್ಕೆ ಬರುವುದಿಲ್ಲ, ಹಾಗಾಗಿ ಊಟಕ್ಕೆ ಬರುವವರು ಆರೋಗ್ಯವಂತರಾಗಿ ಕಾಣುತ್ತಾರೆ ಅನ್ನುವ ತಕರಾರನ್ನು ನಮ್ಮ ಮೇಜಿನ ಒಬ್ಬರು ಪ್ರತಿ ಸಲ ಎತ್ತುತ್ತಾರೆ. ಪ್ರತಿ ಸಲ ಬಂದೇ ಎತ್ತುತ್ತಾರೆ.

ಮಧ್ಯಾಹ್ನವೋ ರಾತ್ರಿಯೋ?

ಇದಕ್ಕೆ ಹೆಚ್ಚು ಮಾತು ಬೇಡ. ಮೂವತ್ತು ನಲವತ್ತರ ವಯಸ್ಸಿನಲ್ಲಿ ರಾತ್ರಿಯೂ ನಡೆಯುತ್ತದೆ. ಐವತ್ತೈದು ದಾಟಿದ ಮೇಲೆ ಮಧ್ಯಾಹ್ನ. ಕಣ್ಣಿಗೆ ಪೊರೆ ಶುರುವಾದವರಿಗೆ ಎದುರಿನ ದೀಪದ ಬೆಳಕು ಚದುರಿ ಹೊಡೆಯುತ್ತದೆ, ರಾತ್ರಿ ಗಾಡಿ ಓಡಿಸಲು ಅಳುಕು ಅಂತ ಅವರು ಹೇಳುವುದಿಲ್ಲ, "ಅವತ್ತು ಬೇರೆ ಕೆಲಸ ಇತ್ತು" ಅನ್ನುತ್ತಾರೆ. ಮಧ್ಯಾಹ್ನಕ್ಕೂ ಅದರದೇ ಪಾಠವಿದೆ, ನಾವೇ ಬೇರೆಯವರಿಗೆ ಹೇಳಿದ್ದು. ವಯಸ್ಸಾದವರಲ್ಲಿ ಊಟವಾದ ಎರಡು ಗಂಟೆಯೊಳಗೆ ಸಿಸ್ಟಾಲಿಕ್ ರಕ್ತದೊತ್ತಡ (ಬಿಪಿಯ ಮೇಲಿನ ಅಂಕಿ) ಪಾದರಸದ 20 ಮಿಲಿಮೀಟರಿನಷ್ಟು ಅಥವಾ ಅದಕ್ಕೂ ಹೆಚ್ಚು ಇಳಿಯುವುದುಂಟು. ಬಿಪಿ ಮಾತ್ರೆ ನುಂಗಿ, ಹೊಟ್ಟೆ ಬಿರಿಯ ಉಂಡು, ಫೋಟೋಗೆಂದು ದಢಕ್ಕನೆ ಏಳುವ ಹಿರಿಯ ಫಿಜಿಷಿಯನ್ನರನ್ನು ಹಿಡಿದುಕೊಳ್ಳಲು ಪಕ್ಕದಲ್ಲಿ ಒಬ್ಬ ಮೂಳೆ ಡಾಕ್ಟರು ಇದ್ದರೆ ಒಳ್ಳೆಯದು.

ಎಲ್ಲಿ ಕೂರುವುದು? ಕಿವಿಯನ್ನು ಕೇಳಿ

ಜಾಗ ಆರಿಸುವಾಗ ಎಲ್ಲರೂ ಅಡುಗೆಯ ರುಚಿ ನೋಡುತ್ತಾರೆ. ನಾನು ಮೊದಲು ನೋಡುವುದು ಚಾವಣಿ ಮತ್ತು ನೆಲ. ಗಾಜು, ಕಲ್ಲು, ಬೋಳು ಗೋಡೆ ತುಂಬಿದ ಕೋಣೆಯಲ್ಲಿ ಸದ್ದು ತಟ್ಟಿ ತಟ್ಟಿ ವಾಪಸು ಬರುತ್ತದೆ. ಪರದೆ, ಮೇಜುಬಟ್ಟೆ, ಮೆತ್ತನೆ ಕುರ್ಚಿ ಇದ್ದಲ್ಲಿ ಅವು ಸದ್ದನ್ನು ಹೀರಿಕೊಳ್ಳುತ್ತವೆ. ಸಾಧಾರಣ ಮಾತು ಸುಮಾರು 60 ಡೆಸಿಬೆಲ್. ಗಿಜಿಗುಟ್ಟುವ ಹೋಟೆಲ್ಲಿನ ಗದ್ದಲ ಅದನ್ನು ಸಲೀಸಾಗಿ ಮೀರುತ್ತದೆ. ಸುತ್ತ ಗದ್ದಲ ಏರಿದಂತೆ ನಾವು ಅರಿವಿಲ್ಲದೆ ದನಿ ಏರಿಸುತ್ತೇವೆ. ಫ್ರೆಂಚ್ ಕಿವಿ ಮೂಗು ಗಂಟಲು ವೈದ್ಯ ಎಟಿಯೆನ್ ಲೊಂಬಾರ್ 1911ರಲ್ಲಿ ಇದನ್ನು ವಿವರಿಸಿದ್ದರಿಂದ ಅವರ ಹೆಸರೇ ಅದಕ್ಕೆ ಉಳಿದಿದೆ. ನಮ್ಮ ಮೇಜು ಕೂಗಿದರೆ ಪಕ್ಕದ ಮೇಜೂ ಕೂಗುತ್ತದೆ, ಹೀಗೆ ಇಡೀ ಕೋಣೆ ಸಂತೆ.

ಗದ್ದಲದ ನಡುವೆ ಬೇಕಾದ ಒಂದು ದನಿಯನ್ನು ಹೆಕ್ಕಿಕೊಳ್ಳುವ ಮಿದುಳಿನ ಚಾತುರ್ಯವನ್ನು ಸಂಶೋಧಕ ಕಾಲಿನ್ ಚೆರಿ 1953ರಲ್ಲಿ ಪರೀಕ್ಷಿಸಿದ್ದರು. ಆ ಚಾತುರ್ಯ ವಯಸ್ಸಿನ ಜೊತೆ ಮಂಕಾಗುತ್ತದೆ. ಮೊದಲು ಹೋಗುವುದು ಎತ್ತರದ ಸ್ಥಾಯಿಯ ಸದ್ದು. ಸ್ವರಗಳು ಕೇಳುತ್ತವೆ, ಸ, ಶ, ಫದಂಥ ವ್ಯಂಜನಗಳು ಜಾರುತ್ತವೆ. ಯಾರೋ ಮಾತಾಡುತ್ತಿದ್ದಾರೆ ಅಂತ ಗೊತ್ತಾಗುತ್ತದೆ, ಏನು ಅಂತ ಗೊತ್ತಾಗುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಲ್ಲಿ 60 ದಾಟಿದವರಲ್ಲಿ ಶೇಕಡಾ 25ಕ್ಕೂ ಹೆಚ್ಚು ಜನರಿಗೆ ಬದುಕಿಗೆ ತೊಡಕಾಗುವಷ್ಟು ಕಿವಿ ಮಂದ. ನಮ್ಮ ಗುಂಪಿನಲ್ಲಿ ಒಬ್ಬರು ನಗುವ ಕಡೆ ನಗುತ್ತಾ, ತಲೆ ಆಡಿಸುತ್ತಾ ಕೂತಿರುತ್ತಿದ್ದರು. ಎರಡು ವರ್ಷದ ಮೇಲೆ ಬರುವುದನ್ನೇ ಬಿಟ್ಟರು. ಹೆಮ್ಮೆ ಜಾಸ್ತಿಯಾಯಿತು ಅಂತ ಮಾತಾಡಿಕೊಂಡೆವು. ಅವರಿಗೆ ಒಂದು ಮಾತೂ ಕೇಳುತ್ತಿರಲಿಲ್ಲ ಅನ್ನುವುದು ಅಷ್ಟೊಂದು ವೈದ್ಯರಿದ್ದ ಮೇಜಿಗೆ ಹೊಳೆಯಲಿಲ್ಲ.

ಹಾಗಾಗಿ ಹೋಲಿಕೆ ಹೀಗೆ ನಿಲ್ಲುತ್ತದೆ. ಪ್ರತಿ ಸಲ ಹೊಸ ಹೋಟೆಲ್ಲು ಹುಡುಕುವುದು ನಾಲಿಗೆಗೆ ಮಜಾ, ಸಂಘಟಿಸುವವರಿಗೆ ಸಜಾ. ಗಾಡಿ ನಿಲ್ಲಿಸಲು ಎಲ್ಲಿ, ಮೆಟ್ಟಿಲು ಎಷ್ಟು, ಶೌಚಾಲಯ ಎಷ್ಟು ದೂರ ಎಂದು ಪ್ರತಿ ಸಲ ವಿಚಾರಿಸಬೇಕು. ಒಂದೇ ಜಾಗ, ಸಾಧ್ಯವಾದರೆ ಒಂದೇ ಮೂಲೆ, ನನ್ನ ಆಯ್ಕೆ. ಊಟ ಸಾಧಾರಣವಾಗಿದ್ದರೂ ಪರವಾಗಿಲ್ಲ, ಎರಡು ಗಂಟೆ ಕೂತರೂ ಏಳಿ ಅನ್ನದಿರುವ ಜಾಗವಾಗಿರಲಿ. ಉದ್ದ ಮೇಜಿಗಿಂತ ದುಂಡು ಮೇಜು ಮೇಲು. ತುಟಿ ಕಂಡರೆ ಅರ್ಧ ಕೇಳಿಸಿದಂತೆ. ಕಿವಿ ಮಂದವಾದವರ ಬೆನ್ನು ಗೋಡೆಗೆ ಇರಲಿ, ಆಗ ಅವರ ಹಿಂದಿನಿಂದ ಸದ್ದು ಬರುವುದಿಲ್ಲ. ಪ್ರತ್ಯೇಕ ಕೋಣೆ ಸಿಕ್ಕರೆ ಅದಕ್ಕಾಗಿ ಸ್ವಲ್ಪ ಹೆಚ್ಚು ತೆತ್ತರೂ ನಷ್ಟವಿಲ್ಲ.

ಮನೆಯಲ್ಲಿ ಸರದಿಯ ಮೇಲೆ ಕೂರುವುದಕ್ಕಿಂತ ಆತ್ಮೀಯವಾದದ್ದು ಇಲ್ಲ, ಸದ್ದಿನ ಕಾಟವೂ ಇಲ್ಲ. ತೊಂದರೆ ಬರುವುದು ನಾಲ್ಕನೆಯ ಸುತ್ತಿಗೆ. ಒಬ್ಬರ ಮನೆಯಲ್ಲಿ ಸರಳ ಊಟ, ಇನ್ನೊಬ್ಬರ ಮನೆಯಲ್ಲಿ ಮದುವೆಯೂಟ, ಅಲ್ಲಿಂದ ಪೈಪೋಟಿ. ಮನೆ ಚಿಕ್ಕದೆಂದೋ, ಹಾಸಿಗೆ ಹಿಡಿದವರು ಇದ್ದಾರೆಂದೋ ಕೆಲವರು ತಮ್ಮ ಸರದಿ ಬರುವ ಮೊದಲೇ ಗುಂಪಿನಿಂದ ಜಾರುತ್ತಾರೆ. ಇಷ್ಟಕ್ಕೂ ಬೇಯಿಸುವವರು ಯಾರು ಅನ್ನುವ ಪ್ರಶ್ನೆಗೆ ಬಹಳ ಸಲ ಉತ್ತರ, ಬ್ಯಾಚಿನವರೇ ಅಲ್ಲದ ಯಾರೋ. ಕೆಲಸ ಮಾಡುವ ಆಸ್ಪತ್ರೆಯ ಕ್ಯಾಂಟೀನಿನಲ್ಲಿ ಸೇರುವ ಗುಂಪುಗಳೂ ಇವೆ. ಬೇಡ, ಪೇಜರ್ ಹೋಗಿ ಮೊಬೈಲ್ ಬಂದರೂ ನರ್ಸುಗಳ ಕಣ್ಣಿಗೆ ಬಿದ್ದ ವೈದ್ಯರು ಡ್ಯೂಟಿಯಲ್ಲೇ ಇದ್ದ ಹಾಗೆ.

ಬಿಲ್ಲು

ಸಮಪಾಲು, ತಿಂದಷ್ಟಕ್ಕೆ ತೆರುವುದು, ಸರದಿಯ ಮೇಲೆ ಒಬ್ಬರೇ ಕೊಡುವುದು, ವರ್ಷದ ಮೊದಲಲ್ಲಿ ನಿಧಿ ಕೂಡಿಸುವುದು. ಸಮಪಾಲು ಸುಲಭ. ಆದರೆ ಅರ್ಥಶಾಸ್ತ್ರಜ್ಞ ಊರಿ ಗ್ನೀಜಿ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಬಿಲ್ಲು ಸಮನಾಗಿ ಹಂಚಿಕೆಯಾಗುತ್ತದೆಂದು ಗೊತ್ತಿದ್ದವರು ತಮ್ಮ ತಮ್ಮ ಬಿಲ್ಲು ತಾವೇ ಕೊಡಬೇಕಾದವರಿಗಿಂತ ಹೆಚ್ಚು ತರಿಸಿಕೊಂಡರು. ಹಳೆಯ ಗೆಳೆಯರಲ್ಲಿ ಅಷ್ಟೊಂದು ಕಿಲಾಡಿತನ ಕಡಿಮೆ ಅನ್ನಿ. ನಿಜವಾದ ಸಮಸ್ಯೆ ಬೇರೆ. ಒಂದೇ ಬ್ಯಾಚಿನಿಂದ ಹೊರಟವರಲ್ಲಿ ಒಬ್ಬರು ಸ್ವಂತ ಆಸ್ಪತ್ರೆ ಕಟ್ಟಿರುತ್ತಾರೆ, ಒಬ್ಬರು ಸರ್ಕಾರಿ ಸಂಬಳದಲ್ಲೇ ನಿವೃತ್ತರಾಗಿರುತ್ತಾರೆ, ಒಬ್ಬರು ವೃತ್ತಿಯನ್ನೇ ಬಿಟ್ಟಿರುತ್ತಾರೆ. "ಇವತ್ತು ನಂದು" ಎಂದು ಪ್ರತಿ ಸಲ ಕಾರ್ಡು ಎಸೆಯುವ ಸಿರಿವಂತ ಗೆಳೆಯರು ತಿಳಿಯದೆಯೇ ಊಟವನ್ನು ಕೆಡಿಸುತ್ತಾರೆ. ಒಂದು ಊಟದ ಋಣ ಸಂತೋಷ, ಹನ್ನೆರಡು ಊಟದ್ದು ಭಾರ. ಕಡಿಮೆ ಸಂಬಳದವರಿಗೂ ಯೋಚಿಸದೆ ಕೊಡಲಾಗುವಂಥ ಜಾಗ ಆರಿಸಿ ಸಮಪಾಲು ಮಾಡಿ. ಆರಿಸುವ ಅಧಿಕಾರ ಸಿರಿವಂತರ ಕೈಗೆ ಕೊಡಬೇಡಿ. ನಿಧಿಯ ಲೆಕ್ಕ ಇಡಲು ಹೋದ ಖಜಾಂಚಿಗಳ ಕಥೆ ಇನ್ನೊಂದು ದಿನಕ್ಕಿರಲಿ.

ಸಂಗಾತಿಯರು ಬರಬೇಕೇ, ರೋಗಿಗಳು ಬರಬೇಕೇ?

ಸಂಗಾತಿಗಳನ್ನು ಕರೆದರೆ ಕೂಟ ಸೌಮ್ಯವಾಗುತ್ತದೆ, ಮನೆಯಲ್ಲಿ "ಮತ್ತೆ ಹೊರಟಿರಾ?" ಅನ್ನುವ ಪ್ರಶ್ನೆ ಏಳುವುದಿಲ್ಲ. ಆದರೆ ವಾರ್ಡಿನ ಹಾಸ್ಯ ಅವರಿಗೆ ದಕ್ಕುವುದಿಲ್ಲ, ಪ್ರತಿ ನಗುವಿಗೂ ಹಿನ್ನೆಲೆ ವಿವರಿಸಬೇಕು. ಹತ್ತು ಮಾಮೂಲಿ ಊಟ ಬ್ಯಾಚಿನವರಿಗೆ, ಎರಡು ಎಲ್ಲರಿಗೆ ಅಂತ ನಾವು ಮಾಡಿಕೊಂಡೆವು. ತೀರಿಕೊಂಡ ಸಹಪಾಠಿಗಳ ಸಂಗಾತಿಯನ್ನು ಆ ಎರಡಕ್ಕೆ ಕರೆಯುವುದನ್ನು ಮಾತ್ರ ಎಂದೂ ಮರೆತಿಲ್ಲ.

ಕೇಸುಗಳ ಮಾತು ಇರಬಾರದು ಎಂದು ನಿಯಮ ಮಾಡಿದ ಗುಂಪು ನನಗೆ ಗೊತ್ತು. ಅರ್ಧ ಗಂಟೆಯಲ್ಲಿ ಮುರಿಯಿತು. ಮುರಿಯಬೇಕಾದದ್ದೇ. ಎಂದೋ ತಪ್ಪಿದ ಒಂದು ರೋಗನಿರ್ಣಯ, ಕೈಯಲ್ಲೇ ಹೋದ ಒಂದು ಮಗು, ಇವನ್ನು ಹೇಳಿಕೊಳ್ಳಲು ಇನ್ನೆಲ್ಲಿ ಜಾಗವಿದೆ? ಮನೆಯಲ್ಲಿ ಹೇಳಿದರೆ ಭಯಪಡುತ್ತಾರೆ, ಆಸ್ಪತ್ರೆಯಲ್ಲಿ ಹೇಳಿದರೆ ಕಡತವಾಗುತ್ತದೆ. ಹೆಸರು, ಊರು, ಗುರುತು ಸಿಗುವಂಥ ವಿವರ ಬಿಟ್ಟು ಮಾತಾಡಬೇಕು, ಮಾಣಿ ಹಿಂದೆಯೇ ನಿಂತಿರುತ್ತಾನೆ. ರೋಗಿ ತೀರಿಹೋದ ಮೇಲೂ ಗುಟ್ಟು ಗುಟ್ಟೇ ಎಂದು ವೈದ್ಯರ ಪ್ರತಿಜ್ಞೆಯಾದ ಜಾಗತಿಕ ವೈದ್ಯಕೀಯ ಸಂಘದ ಜಿನೀವಾ ಘೋಷಣೆ ಹೇಳುತ್ತದೆ. ಆ ಘೋಷಣೆಯ 1948ರ ಮೊದಲ ರೂಪದಲ್ಲಿ "ನನ್ನ ಸಹೋದ್ಯೋಗಿಗಳು ನನ್ನ ಸೋದರರು" ಅನ್ನುವ ಮಾತಿತ್ತು. ಮುಂದೆ ಅದಕ್ಕೆ ಸೋದರಿಯರೂ ಸೇರಿದರು. 2017ರಲ್ಲಿ ತಿದ್ದಿದಾಗ ಒಡಹುಟ್ಟಿನ ಮಾತು ಹೋಗಿ ಗುರುಗಳಿಗೆ, ಸಹೋದ್ಯೋಗಿಗಳಿಗೆ, ವಿದ್ಯಾರ್ಥಿಗಳಿಗೆ ಸಲ್ಲಬೇಕಾದ ಗೌರವ, ಕೃತಜ್ಞತೆಯ ಮಾತು ಬಂತು. ಸ್ವಂತ ಆರೋಗ್ಯ ನೋಡಿಕೊಳ್ಳುತ್ತೇನೆ ಅನ್ನುವ ಪ್ರತಿಜ್ಞೆಯೂ ಸೇರಿದ್ದು ಆಗಲೇ. ಒಡಹುಟ್ಟು ಹೋದದ್ದಕ್ಕೆ ನನಗೆ ಸ್ವಲ್ಪ ಬೇಸರವಿದೆ.

ಮೇಜಿನ ಮೇಲೆ ನಡೆಯುವ ಪುಕ್ಕಟೆ ತಪಾಸಣೆ ಇನ್ನೊಂದು. "ಒಂದು ಇಸಿಜಿ ನೋಡು" ಎಂದು ಮೊಬೈಲು ಮುಂದೆ ಹಿಡಿಯುತ್ತಾರೆ. ನೋಡಿ, ತಪ್ಪಿಲ್ಲ. ಆದರೆ ಉತ್ತರ ಒಂದೇ ಇರಲಿ: "ಸೋಮವಾರ ಬಾ." ಗೆಳೆಯರ ಎದೆನೋವನ್ನು ಊಟದ ನಡುವೆ ಗ್ಯಾಸ್ ಎಂದು ತಳ್ಳಿಹಾಕುವುದು ಎಷ್ಟು ಸುಲಭ ಅನ್ನುವುದು ನಮಗೆಲ್ಲ ಗೊತ್ತಿದೆ. ಮೇಜಿನಲ್ಲಿ ಫೈಲೂ ಇರುವುದಿಲ್ಲ, ಸ್ಟೆತಸ್ಕೋಪೂ ಇರುವುದಿಲ್ಲ, ಇರುವುದು ಸಲಿಗೆ ಮಾತ್ರ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುವ ಗಾದೆ ಕೇಳಿ ಬೆಳೆದವರು ನಾವು. ನಮ್ಮ ಮೇಜಿನಲ್ಲಿ ಎರಡನ್ನೂ ಬಲ್ಲವರು ಒಬ್ಬರೂ ಇಲ್ಲ.

ಅದೇ ಹಳೆಯ ಕಥೆಗಳು ತಿಂಗಳು ತಿಂಗಳು ಬರುತ್ತವೆ ಎಂದು ಗೊಣಗುವವರಿಗೆ ಒಂದು ಮಾತು. ಇಳಿವಯಸ್ಸಿನಲ್ಲಿ ಬದುಕನ್ನು ನೆನೆಯಲು ಹೇಳಿದರೆ ಜನ ಹತ್ತರಿಂದ ಮೂವತ್ತು ವಯಸ್ಸಿನ ನಡುವಿನದನ್ನೇ ಹೆಚ್ಚು ತೋಡಿಕೊಡುತ್ತಾರೆ, ನೆನಪಿನ ಅಧ್ಯಯನಗಳಲ್ಲಿ ಇದು ಮತ್ತೆ ಮತ್ತೆ ಕಂಡದ್ದು. ನಮಗೆ ಆ ವರ್ಷಗಳು ಅಂದರೆ ಕಾಲೇಜು ಮತ್ತು ಮೊದಲ ಡ್ಯೂಟಿಗಳು. ಕಥೆ ಹಳೆಯದಾದರೂ ಹೇಳುವವರು ಬದಲಾದರೆ ವಿವರ ಬದಲಾಗುತ್ತದೆ. ವೈವಾದಲ್ಲಿ ಪ್ರೊಫೆಸರರ ಮುಂದೆ ಮೂಳೆಯನ್ನು ತಲೆಕೆಳಗಾಗಿ ಹಿಡಿದದ್ದು ನಾನು ಎಂದು ಮೂವರು ಸಾಕ್ಷಿ ಹೇಳುತ್ತಾರೆ. ಅದು ನಾನಲ್ಲ.

ಪರದೆಯ ಮೇಲೆ?

ಬ್ಯಾಚು ಬೇರೆ ಬೇರೆ ಕಾಲವಲಯಗಳಲ್ಲಿ ಚದುರಿದ್ದರೆ ಆನ್‌ಲೈನ್ ಭೇಟಿ ಬಿಟ್ಟು ಗತಿಯಿಲ್ಲ. ಆದರೆ ಅದನ್ನು ಊಟ ಅನ್ನಬೇಡಿ. ಒಬ್ಬರ ಮಧ್ಯಾಹ್ನ ಇನ್ನೊಬ್ಬರ ನಡುರಾತ್ರಿ, ಕ್ಯಾಮೆರಾ ಮುಂದೆ ಅಗಿಯುವುದನ್ನು ಯಾರೂ ಇಷ್ಟಪಡುವುದಿಲ್ಲ. ಎದುರುಬದುರು ಮಾತಿನಲ್ಲಿ ಒಬ್ಬರು ನಿಲ್ಲಿಸಿ ಇನ್ನೊಬ್ಬರು ಶುರುಮಾಡುವ ನಡುವಿನ ಅಂತರ ಸರಾಸರಿ ಸೆಕೆಂಡಿನ ಐದನೇ ಒಂದು ಭಾಗ. ಜಾಲದ ವಿಳಂಬ ಆ ಲಯವನ್ನು ಕೆಡಿಸುತ್ತದೆ, ಇಬ್ಬರು ಒಟ್ಟಿಗೆ ಮಾತಾಡಿ ಇಬ್ಬರೂ ನಿಲ್ಲಿಸಿ "ನೀನು ಹೇಳು, ನೀನು ಹೇಳು" ಆಗುತ್ತದೆ. ನಾಲ್ವರನ್ನು ಮೀರದಿರಲಿ. ಜೂಮ್ ಪುಕ್ಕಟೆ ಖಾತೆಯಲ್ಲಿ 40 ನಿಮಿಷಕ್ಕೆ ಕಡಿದುಹೋಗುತ್ತದೆ, ಅದನ್ನೇ ವರವೆಂದುಕೊಳ್ಳಿ. ಕೂತವರ ಮೇಜಿನ ತುದಿಗೆ ಮೊಬೈಲು ನಿಲ್ಲಿಸಿ ದೂರದವರನ್ನು ಸೇರಿಸಿಕೊಳ್ಳುವ ಬೆರಕೆ ಪದ್ಧತಿ ಇದೆಯಲ್ಲ, ಎಲ್ಲಕ್ಕಿಂತ ಕೆಟ್ಟದ್ದು ಅದು. ಗದ್ದಲದಲ್ಲಿ ಅವರಿಗೆ ಏನೂ ಕೇಳದು, ಇವರಿಗೆ ಅವರು ಇದ್ದಾರೆಂಬುದೇ ಮರೆಯುತ್ತದೆ.

ಕೊನೆಗೆ ಎಷ್ಟು ಜನ?

ಮೂವತ್ತು ನಲವತ್ತರ ಬ್ಯಾಚಿಗೆ ನಾನು ಹೇಳುವುದು: ಮಕ್ಕಳು ಚಿಕ್ಕವರು, ಕಾಲ್ ಜಾಸ್ತಿ, ಎರಡು ತಿಂಗಳಿಗೊಂದು ಊಟ ಸಾಕು, ದಿನ ಮಾತ್ರ ಕಲ್ಲಿನಲ್ಲಿ ಕೆತ್ತಿದಂತಿರಲಿ. ಐವತ್ತರ ಆಸುಪಾಸಿನವರು ತಿಂಗಳಿಗೊಮ್ಮೆಗೆ ಬನ್ನಿ, ಜನ ಸೇರಿಸುವ ಕೆಲಸಕ್ಕೆ ಇಬ್ಬರನ್ನು ನೇಮಿಸಿ. ಒಬ್ಬರೇ ಇದ್ದರೆ ಅವರ ಬೈಪಾಸಿನ ಜೊತೆಗೆ ಊಟವೂ ನಿಲ್ಲುತ್ತದೆ, ನಮ್ಮಲ್ಲಿ ಐದು ತಿಂಗಳು ನಿಂತಿತ್ತು. ಎಪ್ಪತ್ತು ದಾಟಿದವರು ದೊಡ್ಡ ಕೂಟದ ಆಸೆ ಬಿಟ್ಟು ವಾರಕ್ಕೊಮ್ಮೆಗೆ ಹೋದರೂ ಹೆಚ್ಚಲ್ಲ.

ಆ ವಯಸ್ಸಿಗೆ ಬರುವ ಪ್ರಶ್ನೆ ಬೇರೆ: ಕುರ್ಚಿಗಳು ಖಾಲಿಯಾಗುತ್ತಾ ಬಂದಾಗ ಏನು ಮಾಡುವುದು? 1942ರಲ್ಲಿ ಜಪಾನಿನ ಮೇಲೆ ಹಾರಿದ ಡೂಲಿಟಲ್ ದಳದ 80 ಅಮೆರಿಕನ್ ವೈಮಾನಿಕರಲ್ಲಿ ಬದುಕುಳಿದವರು ಯುದ್ಧದ ನಂತರ ಹೆಚ್ಚುಕಡಿಮೆ ವರ್ಷವರ್ಷ ಸೇರುತ್ತಿದ್ದರು. ಒಬ್ಬೊಬ್ಬರ ಹೆಸರಿನಲ್ಲೂ ಒಂದೊಂದು ಬೆಳ್ಳಿ ಬಟ್ಟಲು, ತೀರಿಕೊಂಡವರ ಬಟ್ಟಲು ಬೋರಲು. ಕೊನೆಗೆ ಉಳಿದ ಇಬ್ಬರು ಕಾದಿಟ್ಟ ಹಳೆಯ ಬಾಟಲಿ ತೆರೆಯಬೇಕು ಎಂದಿತ್ತು. ನಾಲ್ವರು ಉಳಿದಿದ್ದಾಗ ಅವರು ಮನಸ್ಸು ಬದಲಿಸಿದರು. 2013ರ ನವೆಂಬರಿನಲ್ಲಿ, ಬರಲಾದ ಮೂವರು ಸೇರಿ ಬಾಟಲಿ ತೆರೆದರು. ಇಬ್ಬರಾಗುವವರೆಗೆ ಕಾಯಲಿಲ್ಲ.

ನಾವೂ ಈಗ ಮೇಜು ಕಾದಿರಿಸುವಾಗ ಎಷ್ಟು ಜನ ಅಂತ ಹೇಳುವುದು ಬಿಟ್ಟಿದ್ದೇವೆ. ಇಬ್ಬರಿಗೆ ಮನೆಯಿಂದ ಹೊರಡಲಾಗುವುದಿಲ್ಲ, ಹಾಗಾಗಿ ಮೂರರಲ್ಲಿ ಒಂದು ಊಟ ಅವರ ಮನೆಯಲ್ಲಿ, ಡಬ್ಬಿ ನಾವೇ ಒಯ್ಯುತ್ತೇವೆ. ಕಳೆದ ತಿಂಗಳು ಅವರಲ್ಲೊಬ್ಬರು ಮೂರು ಸಲ ನನ್ನ ಹೆಸರು ಕೇಳಿದರು. ನಾಲ್ಕನೆಯ ಸಲ ಕೇಳಲಿಲ್ಲ, ರೋಲ್ ನಂಬರು ಹೇಳಿ ಕರೆದರು.